ಹಲಸಿನ ಮರದ ಸವಾಲು-ಜವಾಬು

ಬಾನುಲಿಯ ಮುಳ್ಳನ್ನು ತಿರುಗಿಸುತ್ತ ಹೋದಂತೆ ಹತ್ತಾರು ನಿಲಯಗಳ ಸದ್ದು ಒಂದರ ಮೇಲೊಂದು ಬಿದ್ದು ಕಿವಿಗೆ ಗೊಂದಲವಾಗುವುದು ವಾಚಕರಿಗೆಲ್ಲ ಅನುಭವಸಿದ್ಧವಾದ ಸಂಗತಿ. ನಮ್ಮ ಪಶ್ಚಿಮ ಘಟ್ಟದ ಕಾಡುಗಳಲ್ಲಿ ಇರುಳು ಕವಿಯಿತೆಂದರೆ ಇಂಥದೇ ಗೊಂದಲ. ಅಷ್ಟೊಂದು ಕೀಟಗಳು ಏಕಕಾಲದಲ್ಲಿ ಪ್ರಸಾರ ಮಾಡುತ್ತಿರುವಾಗ, ಒಂದು ಹೆಣ್ಣು ತನ್ನ ಜಾತಿಯ ಗಂಡಿನ ದನಿಯನ್ನು ಗುರುತಿಸುವುದು ಹೇಗೆ? ಗುರುತಿಸಿದ ಮೇಲೆ, ಶತ್ರುವಿನ ಬಾಯಿಗೆ ಬೀಳದೆ ಅದನ್ನು ಸೇರುವುದು ಹೇಗೆ? ಹಲಸಿನ ಮರದಲ್ಲಿ ವಾಸಿಸುವ ಒಂದು ಎಲೆಮಿಡತೆ ಈ ಎರಡು ಪ್ರಶ್ನೆಗಳಿಗೂ ಕಂಡುಕೊಂಡಿರುವ ಉತ್ತರ ಸೋಜಿಗದ್ದು.

ವಿಜ್ಞಾನಿಗಳು ಇದನ್ನು ಓನೊಮಾರ್ಕಸ್ ಯೂನಿನೋಟೇಟಸ್ ಎಂದು ಕರೆಯುತ್ತಾರೆ. ಹೆಸರು ಬಾಯಿಗೆ ತುಸು ಭಾರ. ನಾವು ಹಲಸಿನ ಮಿಡತೆಯೆನ್ನೋಣ. ಹೊಲದ ಮಿಡತೆಗೂ ಎಲೆಮಿಡತೆಗೂ ಇರುವ ವ್ಯತ್ಯಾಸವನ್ನು ತಿಳಿಯಲು ಮೀಸೆಯನ್ನು ನೋಡಿದರೆ ಸಾಕು. ಹೊಲದ ಮಿಡತೆಯ ಮೀಸೆ ಮೋಟು. ಎಲೆಮಿಡತೆಯದು ನೂಲಿನಂತೆ ತೆಳ್ಳಗೆ, ಬಲು ಉದ್ದ. ಹಲಸಿನ ಮಿಡತೆಯ ಹಸುರು ರೆಕ್ಕೆಗಳು ಎಲೆಯ ರೂಪವನ್ನೇ ತಾಳಿರುವುದರಿಂದ, ಮರದ ನೆತ್ತಿಯ ಎಲೆಗಳ ನಡುವೆ ಅದು ಕುಳಿತರೆ ಕಣ್ಣಿಗೆ ಬೀಳುವುದು ಕಷ್ಟ. ಚಿಟ್ಟೆಗಿರುವಂತೆ ಇದಕ್ಕೆ ಗೂಡಿನ ಅವಸ್ಥೆಯಿಲ್ಲ. ಮೊಟ್ಟೆಯೊಡೆದು ಬಂದ ಮರಿ ರೆಕ್ಕೆಯಿಲ್ಲದ ಪುಟ್ಟ ಮಿಡತೆಯೇ ಆಗಿದ್ದು, ಹಲವು ಸಲ ಪೊರೆ ಕಳಚಿ, ಕಡೆಯ ಸಲ ಪೂರ್ಣ ರೆಕ್ಕೆಗಳನ್ನು ಪಡೆಯುತ್ತದೆ.

ಹಾಡುವುದು ಗಂಡು; ಅದೂ ಬಾಯಿಂದಲ್ಲ. ಒಂದು ರೆಕ್ಕೆಯ ಅಡಿಯಲ್ಲಿ ಅರದಂತಹ ಹಲ್ಲುಸಾಲಿದೆ; ಇನ್ನೊಂದು ರೆಕ್ಕೆಯ ಅಂಚನ್ನು ಅದಕ್ಕೆ ಉಜ್ಜಿದಾಗ ನಾದ ಹುಟ್ಟುತ್ತದೆ. ಎಷ್ಟೋ ಎಲೆಮಿಡತೆಗಳ ಸ್ವರ ನಮ್ಮ ಕಿವಿಗೆ ನಿಲುಕದಷ್ಟು ತಾರವಾದುದು. ಇದರದಾದರೋ ಸೆಕೆಂಡಿಗೆ ಸುಮಾರು ೩,೨೦೦ ಕಂಪನಗಳ ಸ್ವರ. ಆ ಕುಲಕ್ಕೆ ಇದು ತೀರ ಮಂದ್ರವೆನ್ನಬೇಕು. ಮಿಡತೆಯ ಕಿವಿಗಳಿರುವುದು ಮುಂಗಾಲುಗಳಲ್ಲಿ, ಮೊಣಕಾಲಿನ ಕೆಳಗೆ. ಒಂದೊಂದು ಕಾಲಿನಲ್ಲಿಯೂ ಮುಂದೊಂದು ಹಿಂದೊಂದು ಪೊರೆಯುಂಟು. ಹಲಸಿನ ಮಿಡತೆಯ ಮುಂದಿನ ಪೊರೆ ತನ್ನ ಜಾತಿಯ ಈ ಸ್ವರಕ್ಕೇ ಶ್ರುತಿಗೊಂಡಿದೆ. ಹಿಂದಿನದು ಇನ್ನೂ ತಾರವಾದ ಸ್ವರಗಳಿಗೆ. ಮೊದಲನೆಯ ಪ್ರಶ್ನೆಗೆ ಉತ್ತರ ಇಲ್ಲಿದೆ: ಪ್ರಕೃತಿಯೇ ಮುಳ್ಳನ್ನು ಸರಿಯಾದ ನಿಲಯಕ್ಕೆ ತಂದು ನಿಲ್ಲಿಸಿದೆ.

ಎರಡನೆಯದು ಪ್ರಾಣದ ಪ್ರಶ್ನೆ. ಈ ಕುಲದ ಬಹುಪಾಲು ಜಾತಿಗಳಲ್ಲಿ ಗಂಡು ಕುಳಿತಲ್ಲೇ ಕೂಗುತ್ತದೆ, ಹೆಣ್ಣು ದನಿಯ ಜಾಡು ಹಿಡಿದು ಬರುತ್ತದೆ. ಘಟ್ಟದಲ್ಲಿ ಒಂದು ಜಾತಿಯ ಬಾವಲಿ ಬೇಟೆಯ ಸದ್ದನ್ನೇ ಆಲಿಸಿ ಎರಗುವಂಥದು. ಹಾಗಾದರೆ ಕೂಗುವ ಗಂಡಿಗೇ ಅಪಾಯ ಹೆಚ್ಚಲ್ಲವೇ ಎಂದು ತಾವು ಕೇಳಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರೋಹಿಣಿ ಬಾಲಕೃಷ್ಣನ್ ಮತ್ತು ಸಂಗಡಿಗರು ೨೦೧೫ರಲ್ಲಿ ಪ್ರಕಟಿಸಿದ ಸಂಶೋಧನೆ ಬೇರೆಯದನ್ನೇ ಹೇಳಿತು. ಈ ಬಾವಲಿಗೆ ಹೆಚ್ಚಾಗಿ ತುತ್ತಾಗುವುದು ಕೂಗದೆ ಹಾರಿ ಬರುವ ಹೆಣ್ಣು ಮಿಡತೆಯೇ.

ಹಾಗಿದ್ದ ಮೇಲೆ ಹಲಸಿನ ಮಿಡತೆಯ ಹೆಣ್ಣು ಏನು ಮಾಡುತ್ತದೆ? ಅದೇ ವರ್ಷ ಅದೇ ಸಂಸ್ಥೆಯವರು ಲೇಸರ್ ಕಿರಣದ ಉಪಕರಣದಿಂದ ಇದನ್ನು ಅಳೆದು ತೋರಿಸಿದರು. ಗಂಡಿನ ಕೂಗಿನ ಒಂದೊಂದು ಸೊಲ್ಲಿಗೂ ಹೆಣ್ಣು ನಿಂತಲ್ಲೇ ಮೈ ನಡುಗಿಸುತ್ತದೆ. ಆ ನಡುಕ ಕಾಲಿನಿಂದ ಕೊಂಬೆಗಿಳಿದು ಮರದಲ್ಲೇ ಸಾಗುತ್ತದೆ. ಗಂಡು ಅದರ ಜಾಡು ಹಿಡಿದು ಹೆಣ್ಣಿದ್ದಲ್ಲಿಗೆ ಬರುತ್ತದೆ. ಬರಿಯ ನಡುಕದಿಂದ ಅದಕ್ಕೆ ದಾರಿ ತಿಳಿಯದು. ಕೂಗು, ನಡುಕ, ಮತ್ತೆ ಕೂಗು, ಹೀಗೆ ಎರಡೂ ಸರದಿಯಲ್ಲಿ ಕೂಡಿಬರಬೇಕು. ಸಂಗೀತ ಕಚೇರಿಯ ಸವಾಲು-ಜವಾಬಿನಂತೆ ಇದು. ಸವಾಲು ಬಾನುಲಿಯ ಹಾಗೆ ಗಾಳಿಯಲ್ಲಿ. ಜವಾಬು ತಂತಿಯ ಸುದ್ದಿಯ ಹಾಗೆ ಮರದಲ್ಲಿ. ಹುಡುಕಾಟದ ಅಪಾಯದಲ್ಲಿ ಒಂದು ಪಾಲನ್ನು ಗಂಡಿಗೆ ವರ್ಗಾಯಿಸುವಂತೆ ಈ ಏರ್ಪಾಡು ಬೆಳೆದು ಬಂದಿರಬೇಕೆಂದು ಶೋಧಕರ ಊಹೆ.

ಫಲ ಕಡಿಮೆಯಾಯಿತೆಂದು ಘಟ್ಟದ ತೋಟದ ಹಳೆಯ ಹಲಸನ್ನು ಕಡಿಸಲು ಹೊರಟವರು ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಮರ ಹೋದರೂ ಗಾಳಿಯಿದ್ದೇ ಇರುತ್ತದೆ, ಪಕ್ಕದ ಮರದ ಕೂಗೂ ಅಲ್ಲಿಗೆ ಬಂದೀತು. ಜವಾಬು ಸಾಗುವ ಕೊಂಬೆ ಮಾತ್ರ ಇರುವುದಿಲ್ಲ. ಮಲೆನಾಡಿನ ನೆಂಟರ ಮನೆಯಲ್ಲಿ ತಂಗಿದ ರಾತ್ರಿ, ಬಾನುಲಿಯನ್ನು ಆರಿಸಿ ಒಂದು ಗಳಿಗೆ ಅಂಗಳಕ್ಕೆ ಬನ್ನಿ. ಮರದ ನೆತ್ತಿಯಿಂದ ಸಿಳ್ಳಿನಂಥ ಕೂಗು ಕೇಳಿಸಿದರೆ ಅದು ಈ ಮಿಡತೆಯ ಸವಾಲಿರಬಹುದು. ಜವಾಬು ನಮ್ಮ ಕಿವಿಗೆ ಬರುವುದಿಲ್ಲ, ಆದರೂ ಆ ಹೊತ್ತಿಗೆ ಕೊಂಬೆಯಲ್ಲಿ ಹರಿಯುತ್ತಿದ್ದೀತು.