ಕಂದು ಕಲೆಗೆಲ್ಲ ವಿಟಮಿನ್ ಇ ಮದ್ದಲ್ಲ

ಚೀಟಿ ಇಲ್ಲದೆಯೂ ಮೆಡಿಕಲ್ ಶಾಪಿನಲ್ಲಿ ಸಿಗುವ ವಿಟಮಿನ್ ಇ ಗುಳಿಗೆಯನ್ನು ಸೂಜಿಯಿಂದ ಚುಚ್ಚಿ, ಒಳಗಿನ ಎಣ್ಣೆಯನ್ನು ಮುಖಕ್ಕೆ ಸವರುವವರಿದ್ದಾರೆ. ವರ್ಷಗಟ್ಟಲೆ ನುಂಗುವವರೂ ಇದ್ದಾರೆ. ಈ ವಿಟಮಿನ್ ತೀರಾ ಕಡಿಮೆಯಾದರೆ ದೇಹದೊಳಗೆ ಕಂದು ಬಣ್ಣ ಕಟ್ಟುವುದು ನಿಜ. ಆದರೆ ಅದು ಯಾವ ಬಣ್ಣ, ಎಲ್ಲಿ ಕಟ್ಟುತ್ತದೆ, ಯಾರಿಗೆ ಕಟ್ಟುತ್ತದೆ ಎಂದು ತಿಳಿಯದೆ ಗುಳಿಗೆಗೆ ಕೈಹಾಕಿದರೆ ಮೂಲ ಕಾಯಿಲೆ ಪತ್ತೆಯಾಗದೆ ಉಳಿದೀತು.

ತಪ್ಪು ಕಲ್ಪನೆ: ಮುಖದ ಬಂಗು, ಕೈಮೇಲಿನ ವಯಸ್ಸಿನ ಕಲೆ ವಿಟಮಿನ್ ಇ ಕೊರತೆಯ ಗುರುತು.

ಸತ್ಯ: ಆ ಕಲೆಗಳ ಬಣ್ಣ ಮೆಲನಿನ್. ಬಿಸಿಲು, ಹಾರ್ಮೋನು, ವಂಶಗುಣ ಅದಕ್ಕೆ ಕಾರಣ. ಕೊರತೆಯಿಂದ ಕಟ್ಟುವ ಬಣ್ಣವೇ ಬೇರೆ: ಲಿಪೋಫಸಿನ್, ಸಿರಾಯ್ಡ್ ಎಂಬ ಹಳದಿಮಿಶ್ರಿತ ಕಂದು ಕಣಗಳು. ಹಳೆಯ ಕೊಬ್ಬರಿ ಗಾಳಿ ತಾಗಿ ಕಮಟುವ ಹಾಗೆಯೇ ಜೀವಕೋಶದ ಪೊರೆಯಲ್ಲಿರುವ ಕೊಬ್ಬೂ ಆಮ್ಲಜನಕದ ದಾಳಿಗೆ ಕೆಡುತ್ತದೆ. ಅದನ್ನು ತಡೆಯುವುದೇ ವಿಟಮಿನ್ ಇ ಕೆಲಸ. ಕೆಟ್ಟ ಕೊಬ್ಬು ಪ್ರೋಟೀನಿನೊಂದಿಗೆ ಹೆಣೆದುಕೊಂಡಾಗ ಜೀವಕೋಶಕ್ಕೆ ಅದನ್ನು ಕರಗಿಸಲೂ ಆಗದು, ಹೊರಹಾಕಲೂ ಆಗದು. ಅದು ಅಲ್ಲೇ ಉಳಿಯುತ್ತದೆ.

ತಪ್ಪು ಕಲ್ಪನೆ: ಅಂಗಾಂಗದಲ್ಲಿ ಈ ಕಣ ಕಂಡರೆ ಕೊರತೆ ಖಚಿತ.

ಸತ್ಯ: ವಯಸ್ಸಾದಂತೆ ಎಲ್ಲರಲ್ಲೂ ಇದು ಸೇರಿಕೊಳ್ಳುತ್ತದೆ. ಹಿರಿಯರ ಹೃದಯ ಸ್ನಾಯುವಿನ ತೆಳು ಪದರವನ್ನು ಸೂಕ್ಷ್ಮದರ್ಶಕದಡಿ ಇಟ್ಟರೆ, ಕೋಶಕೇಂದ್ರದ ಎರಡೂ ತುದಿಯಲ್ಲಿ ಕಂದು ಕಣಗಳು ಗುಂಪಾಗಿ ಕಾಣುತ್ತವೆ. ಯಕೃತ್ತು, ನರಕೋಶಗಳಲ್ಲೂ ಹೀಗೆಯೇ. ಅನುಮಾನ ಪಡಬೇಕಾದದ್ದು ಸಣ್ಣ ವಯಸ್ಸಿನಲ್ಲಿ, ಅನಿರೀಕ್ಷಿತ ಜಾಗದಲ್ಲಿ ಕಂಡಾಗ. ಕರುಳಿನ ಗೋಡೆಯ ಸ್ನಾಯುವಿನಲ್ಲಿ ಇದು ತುಂಬಿ ಕರುಳೇ ಕಂದಾಗುವ ಅಪರೂಪದ ಸ್ಥಿತಿಯೊಂದಿದೆ. ಬಹುತೇಕ ಅಂಥವರಿಗೆ ಮೊದಲಿನಿಂದಲೂ ಕೊಬ್ಬು ಹೀರಿಕೊಳ್ಳದ ಕಾಯಿಲೆ ಇರುತ್ತದೆ.

ತಪ್ಪು ಕಲ್ಪನೆ: ಸರಿಯಾಗಿ ತಿನ್ನದವರಿಗೇ ಈ ಕೊರತೆ.

ಸತ್ಯ: ದೊಡ್ಡವರಲ್ಲಿ ಬರೀ ಊಟದಿಂದ ಈ ಕೊರತೆಯಾಗುವುದು ವಿರಳ. ಅಮೆರಿಕದ ಮಾನದಂಡದಂತೆ ವಯಸ್ಕರಿಗೆ ದಿನಕ್ಕೆ 15 ಮಿಲಿಗ್ರಾಂ ಸಾಕು. ಒಂದು ದೊಡ್ಡ ಚಮಚ ಸೂರ್ಯಕಾಂತಿ ಎಣ್ಣೆಯಲ್ಲೇ ಸುಮಾರು 5 ಮಿಲಿಗ್ರಾಂ ಇರುತ್ತದೆ. ರೊಟ್ಟಿಯ ಜೊತೆಗಿನ ಶೇಂಗಾ ಚಟ್ನಿ, ಬಾದಾಮಿ, ಸೊಪ್ಪುಗಳಲ್ಲೂ ಇದೆ. ತಿಂದದ್ದು ರಕ್ತಕ್ಕೆ ಸೇರದಿರುವುದೇ ನಿಜವಾದ ತೊಡಕು. ಇದು ಕೊಬ್ಬಿನಲ್ಲಿ ಕರಗುವ ವಿಟಮಿನ್. ಪಿತ್ತರಸ, ಮೇದೋಜೀರಕ ರಸ ಬೇಕೇ ಬೇಕು. ದೀರ್ಘಕಾಲದ ಮೇದೋಜೀರಕ ಗ್ರಂಥಿಯ ಉರಿಯೂತ, ಸೀಲಿಯಾಕ್, ಸಿಸ್ಟಿಕ್ ಫೈಬ್ರೋಸಿಸ್, ಮಕ್ಕಳ ಪಿತ್ತನಾಳದ ತಡೆ ಇರುವವರು ಚೆನ್ನಾಗಿ ಉಂಡರೂ ಕೊರತೆಗೆ ಬೀಳಬಹುದು. ಕೆಲವರಿಗೆ ಜೀನ್ ದೋಷವೇ ಕಾರಣ.

ಪ್ರಾಣಿಗಳಲ್ಲಿ ಮಾತ್ರ ಆಹಾರವೇ ಕಾರಣವಾಗುವುದುಂಟು. ಎಣ್ಣೆಯಂಶ ಹೆಚ್ಚಿರುವ ಮೀನನ್ನೇ ತಿಂದು ಬೆಳೆದ ಬೆಕ್ಕಿನ ಚರ್ಮದಡಿಯ ಕೊಬ್ಬು ಹಳದಿಯಾಗಿ, ಗಟ್ಟಿಯಾಗಿ, ಮುಟ್ಟಿದರೆ ನೋಯುತ್ತದೆ. ಕರಾವಳಿಯಲ್ಲಿ ಬೆಕ್ಕಿಗೆ ದಿನವೂ ಬರೀ ಬೂತಾಯಿ ಹಾಕುವವರು ಇದನ್ನು ನೆನಪಿಡಬೇಕು.

ತಪ್ಪು ಕಲ್ಪನೆ: ಗುಳಿಗೆ ನುಂಗಿದರೆ ಕಟ್ಟಿದ ಬಣ್ಣ ಕರಗುತ್ತದೆ, ಕರಗದಿದ್ದರೂ ನಷ್ಟವಿಲ್ಲ.

ಸತ್ಯ: ಕಟ್ಟಿದ್ದು ಬಹುಮಟ್ಟಿಗೆ ಹಾಗೆಯೇ ಇರುತ್ತದೆ. ಚಿಕಿತ್ಸೆಯ ಉದ್ದೇಶ ಮುಂದಿನ ಹಾನಿ ತಡೆಯುವುದು, ಅದರಲ್ಲೂ ನರಗಳನ್ನು ಉಳಿಸುವುದು. ಇನ್ನು ನಷ್ಟದ ಮಾತು: ಅಮೆರಿಕ, ಕೆನಡಾಗಳಲ್ಲಿ 35,000ಕ್ಕೂ ಹೆಚ್ಚು ಗಂಡಸರ ಮೇಲೆ ನಡೆದ ಪರೀಕ್ಷೆಯ 2011ರ ವರದಿಯಂತೆ, ದಿನಕ್ಕೆ 400 ಯೂನಿಟ್ ವಿಟಮಿನ್ ಇ ಪಡೆದವರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಶೇ 17ರಷ್ಟು ಹೆಚ್ಚಿತ್ತು. ನಮ್ಮ ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವ ಗುಳಿಗೆಗಳಲ್ಲೂ ಇದೇ ಪ್ರಮಾಣದವು ಇವೆ. ವಾರ್ಫರಿನ್‌ನಂಥ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧ ತೆಗೆದುಕೊಳ್ಳುವವರಿಗೆ ರಕ್ತಸ್ರಾವದ ಅಪಾಯವೂ ಇದೆ.

ಆದ್ದರಿಂದ ಕನ್ನಡಿಯಲ್ಲಿ ಕಾಣುವ ಕಲೆಗಿಂತ ಈ ಲಕ್ಷಣಗಳ ಮೇಲೆ ಕಣ್ಣಿಡಿ: ನೀರಲ್ಲಿ ತೇಲುವ ಜಿಡ್ಡುಮಲ, ನಿಲ್ಲದ ಭೇದಿ, ಇಳಿಯುತ್ತಿರುವ ತೂಕ, ಜೊತೆಗೆ ಕತ್ತಲಲ್ಲಿ ತೂರಾಡುವ ನಡಿಗೆ, ಜೋಮುಗಟ್ಟುವ ಕಾಲು. ಇವು ಕಂಡರೆ ತಡಮಾಡದೆ ವೈದ್ಯರ ಬಳಿ ಹೋಗಿ. ರಕ್ತದಲ್ಲಿ ವಿಟಮಿನ್ ಇ ಎಷ್ಟಿದೆ ಎಂದು ಅಳೆಯಬಹುದು. ಬೇಗ ಗೊತ್ತಾದರೆ ನರಗಳ ಹಾನಿಯನ್ನು ತಡೆಯಬಹುದು. ತಡವಾದರೆ ಹೋದ ಶಕ್ತಿ ಪೂರ್ತಿ ಮರಳದೇ ಇರಬಹುದು.