ಓದಲು ಹೊರಟವರಿಗೆ ವಿಮೆಯ ಬುತ್ತಿ

ಪರದೇಶಕ್ಕೆ ಓದಲು ಹೊರಟ ಮಗನ ಪೆಟ್ಟಿಗೆಗೆ ಚಟ್ನಿಪುಡಿ, ಸಾರಿನಪುಡಿ, ಪುಟ್ಟ ಕುಕ್ಕರ್ ಎಲ್ಲವನ್ನೂ ನೆನಪಿಟ್ಟು ತುಂಬುವವಳು ತಾಯಿ. ಆದರೆ ಆರೋಗ್ಯ ವಿಮೆಯ ಕಾಗದ ಕಂಡ ಕೂಡಲೇ "ಅದೆಲ್ಲ ನಿಮ್ಮಪ್ಪ ನೋಡ್ಕೋತಾರೆ" ಎಂದು ಪಕ್ಕಕ್ಕೆ ಸರಿಸಿಬಿಡುತ್ತಾಳೆ. ಅಪ್ಪನೋ, ಅದರಲ್ಲಿ ಕಂತಿನ ಮೊತ್ತವೊಂದನ್ನೇ ನೋಡುತ್ತಾರೆ! ಮಗನಿಗೆ ಚಿಕ್ಕಂದಿನಿಂದ ಉಬ್ಬಸ, ಯಾವ ಮಾತ್ರೆ ನುಂಗಿದರೆ ಮೈಮೇಲೆ ದದ್ದು ಏಳುತ್ತದೆ, ಬುದ್ಧಿಹಲ್ಲು ಎಂದಿನಿಂದ ಕಾಡುತ್ತಿದೆ ಎಂಬುದೆಲ್ಲ ಗೊತ್ತಿರುವುದು ತಾಯಿಗೆ. ವಿಮೆಯ ಆಯ್ಕೆಗೆ ಬೇಕಾದದ್ದೂ ಅದೇ ತಿಳುವಳಿಕೆ.

ಕೆಲವು ದೇಶಗಳಲ್ಲಿ ಹೆಚ್ಚು ಯೋಚಿಸುವ ಪ್ರಮೇಯವೇ ಇಲ್ಲ. ಬ್ರಿಟನ್ನಿಗೆ ಹೋಗುವವರು ವೀಸಾ ಅರ್ಜಿಯ ಜೊತೆಯಲ್ಲೇ ಆರೋಗ್ಯ ಶುಲ್ಕ ಕಟ್ಟಬೇಕು. 2024ರ ಫೆಬ್ರವರಿಯಿಂದ ವಿದ್ಯಾರ್ಥಿಗಳಿಗೆ ಇದು ವರ್ಷಕ್ಕೆ 776 ಪೌಂಡ್. ಆಮೇಲೆ ಅಲ್ಲಿನ ಸರ್ಕಾರಿ ವೈದ್ಯಸೇವೆ ಬಹುಮಟ್ಟಿಗೆ ಬಿಲ್ಲಿಲ್ಲದೆ ಸಿಗುತ್ತದೆ. ಜರ್ಮನಿಯಲ್ಲಿ ವಿಮೆ ತೋರಿಸದೆ ವಿಶ್ವವಿದ್ಯಾಲಯದ ದಾಖಲಾತಿಯೇ ಆಗದು. ಆಸ್ಟ್ರೇಲಿಯಾದಲ್ಲಿ ವೀಸಾ ಇರುವಷ್ಟು ದಿನವೂ ವಿಮೆ ಇರಲೇಬೇಕು.

ತಲೆ ಕೆಡಿಸುವುದು ಅಮೆರಿಕ. ನಮ್ಮ ಹುಡುಗರು ಹೆಚ್ಚಾಗಿ ಹೋಗುವ ಎಫ್-1 ವೀಸಾಕ್ಕೆ ವಿಮೆಯ ಬಗ್ಗೆ ಅಲ್ಲಿನ ಸರ್ಕಾರದ ಕಟ್ಟಳೆ ಇಲ್ಲ, ವಿಶ್ವವಿದ್ಯಾಲಯಕ್ಕೊಂದು ನಿಯಮ. ಬಹಳ ಕಡೆ ಅವರದೇ ಪಾಲಿಸಿಯ ಕಂತನ್ನು ಫೀಸಿನ ಜೊತೆ ಸೇರಿಸಿಬಿಡುತ್ತಾರೆ. ವರ್ಷಕ್ಕೆ ಎರಡು-ಮೂರು ಸಾವಿರ ಡಾಲರ್ ಸಾಮಾನ್ಯ. ಸರಿಸಮಾನವಾದ ಬೇರೆ ಪಾಲಿಸಿ ತೋರಿಸಿದರೆ ಕೆಲವರು ವಿನಾಯಿತಿ ಕೊಡುತ್ತಾರೆ. ಇದಕ್ಕೆ 'ವೇವರ್' ಎನ್ನುತ್ತಾರೆ. "ಇಲ್ಲೇ ತಗೊಂಡ್ರೆ ಅರ್ಧ ದುಡ್ಡಿಗೆ ಸಿಗತ್ತಂತೆ" ಎಂದು ಯಾರಾದರೂ ಹೇಳುವುದು ಆಗಲೇ.

ಅಗ್ಗಕ್ಕೆ ಸಿಕ್ಕುವುದು ನಿಜ. ಆದರೆ ಬಿಟ್ಟದ್ದೇನು ಎಂದು ನೋಡಬೇಡವೆ? 2010ರ ಅಮೆರಿಕದ ಆರೋಗ್ಯ ಕಾಯಿದೆಯ ಚೌಕಟ್ಟಿಗೆ ಒಳಪಟ್ಟ ವಿದ್ಯಾರ್ಥಿ ಪಾಲಿಸಿಗಳು ಮೊದಲೇ ಇದ್ದ ಕಾಯಿಲೆ ಎಂಬ ನೆಪದಿಂದ ಚಿಕಿತ್ಸೆಯ ಹಣ ನಿರಾಕರಿಸುವಂತಿಲ್ಲ. ಪ್ರಯಾಣದ ವಿಮೆಯ ಜಾತಿಯ ಅಗ್ಗದ ಪಾಲಿಸಿಗಳಿಗೆ ಆ ಕಟ್ಟು ಇಲ್ಲ. ಉಬ್ಬಸ, ಸಕ್ಕರೆ ಕಾಯಿಲೆ, ಥೈರಾಯಿಡ್, ಮನಸ್ಸಿನ ಬೇನೆ ಮುಂತಾದುವನ್ನು ಸಣ್ಣಕ್ಷರದಲ್ಲಿ ಹೊರಗಿಟ್ಟಿರುತ್ತಾರೆ. ಅರ್ಜಿಯಲ್ಲಿ ಕಾಯಿಲೆಯನ್ನು ಮುಚ್ಚಿಡುವುದಂತೂ ಬೇಡ. ಮುಂದೆ ಹಣ ಕೇಳಿದಾಗ ಅದನ್ನೇ ಹಿಡಿದು ತಳ್ಳಿಹಾಕುತ್ತಾರೆ. ಇಂಥ ತೊಂದರೆಯಿರುವ ಮಗುವಿಗೆ ವೇವರಿನ ಆಸೆ ಬಿಡುವುದೇ ಲೇಸು ಎಂದು ನನ್ನ ಅಭಿಪ್ರಾಯ.

ವಿಮೆ ಇದ್ದರೂ ಪೂರ್ತಿ ಬಿಲ್ಲು ಅವರು ಕೊಡುವುದಿಲ್ಲ. 'ಡಿಡಕ್ಟಿಬಲ್' ಎಂದರೆ ಮೊದಲು ನಾವೇ ಕೈಯಿಂದ ಹಾಕಬೇಕಾದ ಹಣ. ಅದು 500 ಡಾಲರ್, ಆಮೇಲಿನದರಲ್ಲಿ ನಮ್ಮ ಪಾಲು ನೂರಕ್ಕೆ 20 ಎಂದುಕೊಳ್ಳಿ. 5,000 ಡಾಲರ್ ಬಿಲ್ಲಾದರೆ ಮೊದಲು 500, ಉಳಿದ 4,500ರಲ್ಲಿ 900, ಒಟ್ಟು 1,400 ಡಾಲರ್ ನಮ್ಮದು. ರೂಪಾಯಿಯಲ್ಲಿ ಲಕ್ಷ ದಾಟಿತು! ವಿಮಾ ಸಂಸ್ಥೆಯ ಪಟ್ಟಿಯಲ್ಲಿಲ್ಲದ ಆಸ್ಪತ್ರೆಗೆ ಹೋದರೆ ಇನ್ನೂ ಹೆಚ್ಚು. ವರ್ಷಕ್ಕೆ ನಮ್ಮ ಪಾಲು ಇಷ್ಟನ್ನು ಮೀರದು ಎಂಬ ಮಿತಿ ಪಾಲಿಸಿಯಲ್ಲಿ ಇದೆಯೇ ಎಂದು ಮರೆಯದೆ ಕೇಳಿ.

ಈ ಲೆಕ್ಕ ಗೊತ್ತಿರುವ ಹುಡುಗರಿಗೆ ಇನ್ನೊಂದು ಕೇಡು ಅಂಟಿಕೊಳ್ಳುತ್ತದೆ. ಬಿಲ್ಲಿನ ಭಯಕ್ಕೆ ಡಾಕ್ಟರ ಹತ್ತಿರ ಹೋಗುವುದೇ ಇಲ್ಲ. ಫೋನಿನಲ್ಲಿ "ಏನಿಲ್ಲಮ್ಮ, ಸ್ವಲ್ಪ ಹೊಟ್ಟೆನೋವು, ಮಾತ್ರೆ ತಗೊಂಡು ಮಲಗಿದೀನಿ" ಎನ್ನುತ್ತಾರೆ. ಹೊಟ್ಟೆಯ ಬಲಗೆಳಗೆ ನೋವು ಏರುತ್ತಲೇ ಇದ್ದರೆ ಅದು ಅಪೆಂಡಿಕ್ಸ್ ಇರಬಹುದು, ಅದು ಬೆಳಗಾಗುವವರೆಗೆ ಕಾಯುವುದಿಲ್ಲ. ಸಣ್ಣಪುಟ್ಟ ಜ್ವರ, ಕೆಮ್ಮಿಗೆ ಕಾಲೇಜಿನ ಆವರಣದ ಆರೋಗ್ಯ ಕೇಂದ್ರವೇ ಸಾಕು. ಬಹಳ ಕಡೆ ಅದರ ಶುಲ್ಕ ಫೀಸಿನಲ್ಲೇ ಸೇರಿರುತ್ತದೆ. ಕೇಂದ್ರ ಮುಚ್ಚಿರುವ ಹೊತ್ತಿಗೆ 'ಅರ್ಜೆಂಟ್ ಕೇರ್' ಚಿಕಿತ್ಸಾಲಯ. ಉಸಿರು ಕಟ್ಟಿದಾಗ, ಎದೆ ಹಿಡಿದಾಗ ಮಾತ್ರ ಹಣದ ಮಾತು ಬೇಡವೇ ಬೇಡ. ತುರ್ತು ವಿಭಾಗಕ್ಕೆ ಬಂದವರನ್ನು ದುಡ್ಡು ಕೇಳದೆ ಪರೀಕ್ಷಿಸಿ, ಜೀವಕ್ಕೆ ಅಪಾಯವಿಲ್ಲದಂತೆ ನೋಡಿಕೊಳ್ಳಬೇಕೆಂಬ ಕಾಯಿದೆ ಅಲ್ಲಿ 1986ರಿಂದ ಇದೆ. ಬಿಲ್ಲು ಆಮೇಲೆ ಬರುತ್ತದೆ, ಬರಲಿ.

ಹಲ್ಲು, ಕಣ್ಣು ಬಹುತೇಕ ಪಾಲಿಸಿಗಳಲ್ಲಿ ಬೇರೆಯೇ. ಹೊರಡುವ ಎರಡು ತಿಂಗಳ ಮೊದಲೇ ಹುಳುಕು ಹಲ್ಲು ತುಂಬಿಸಿ, ಕನ್ನಡಕ ಎರಡು ಜೊತೆ ಮಾಡಿಸಿ. ನಿತ್ಯ ಮಾತ್ರೆಯ ಚೀಟಿಯಲ್ಲಿ ಔಷಧದ ಮೂಲ ಹೆಸರನ್ನು ಡಾಕ್ಟರಿಂದ ಬರೆಸಿಕೊಳ್ಳಿ. ನಮ್ಮ ಬ್ರಾಂಡಿನ ಹೆಸರು ಅಲ್ಲಿ ಯಾರಿಗೂ ತಿಳಿಯದು.

ಗಂಡ ಓದಲು ಹೋಗುವಾಗ ಜೊತೆಗೆ ಹೊರಟ ಸೊಸೆಯ ಕಥೆ ಬೇರೆ. ಗಂಡನ ಪಾಲಿಸಿ ಅವಳಿಗೆ ತಾನಾಗಿ ಅನ್ವಯಿಸುವುದಿಲ್ಲ. ಬೇರೆ ಕಂತು ಕಟ್ಟಬೇಕು, ಕೆಲವು ಕಡೆ ಆ ಸೌಲಭ್ಯವೇ ಇಲ್ಲ. ಎಫ್-2 ವೀಸಾದಲ್ಲಿ ಅವಳು ದುಡಿಯುವಂತಿಲ್ಲ. ಅಲ್ಲಿ ಹೆರಿಗೆಯ ಬಿಲ್ಲು ಹತ್ತು ಸಾವಿರ ಡಾಲರ್ ದಾಟುವುದು ಮಾಮೂಲು. ಬಸುರಿ, ಬಾಣಂತನ ಪಾಲಿಸಿಯಲ್ಲಿ ಸೇರಿದೆಯೇ ಎಂದು ಕೇಳಲು ನಾಚಿಕೆ ಏಕೆ? ಟಿಕೆಟ್ ಕೊಳ್ಳುವ ಮೊದಲೇ ಕೇಳಿಬಿಡಿ.

ಹದಿನೆಂಟು ತುಂಬಿದ ಮಕ್ಕಳ ಕಾಯಿಲೆಯ ವಿವರವನ್ನು ಅವರ ಒಪ್ಪಿಗೆಯಿಲ್ಲದೆ ಅಲ್ಲಿನ ಆಸ್ಪತ್ರೆಯವರು ಸಾಮಾನ್ಯವಾಗಿ ತಂದೆತಾಯಿಗೂ ಹೇಳುವುದಿಲ್ಲ. ಒಪ್ಪಿಗೆಯ ಪತ್ರಕ್ಕೆ ಮಗ ಮೊದಲೇ ಸಹಿ ಮಾಡಿಟ್ಟಿರಲಿ. ಇನ್ನು ಓದು ಮುಗಿದು ಕೆಲಸ ಸಿಗುವವರೆಗಿನ ತಿಂಗಳುಗಳು: ಕಾಲೇಜಿನ ವಿಮೆ ಮುಗಿದಿರುತ್ತದೆ, ಕಂಪನಿಯದು ಶುರುವಾಗಿರುವುದಿಲ್ಲ. ಪಾಲಿಸಿ ಯಾವ ತಾರೀಖಿಗೆ ಕೊನೆಯಾಗುತ್ತದೆಂದು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ಆ ದಿನಕ್ಕೆ ತಿಂಗಳಿರುವಾಗಲೇ ಫೋನಿನಲ್ಲಿ ಕೇಳಿ.