ಮನೆಯಿಂದ ಕೊಟ್ಟಿಗೆಗೆ ವಿದ್ಯುತ್ತು

ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗಳನ್ನೂ 1905ರಲ್ಲಿ ಬೆಂಗಳೂರಿನ ಬೀದಿಗಳನ್ನೂ ತಲಪಿತು. ಹಳ್ಳಿಯ ಮನೆಗಳಿಗೆ ಅದು ಬಂದುದು ಬಹಳ ತಡವಾಗಿ. ಭಾಗ್ಯಜ್ಯೋತಿ ಯೋಜನೆಯಲ್ಲಿ ಎಷ್ಟೋ ಬಡವರಿಗೆ ದೊರೆತುದು ಒಂದೇ ಒಂದು ದೀಪ. ಮನೆಯ ಹಿಂದಿನ ಕೊಟ್ಟಿಗೆಗಂತೂ ಯಾರೂ ತಂದುಕೊಡಲಿಲ್ಲ, ನಾವೇ ಎಳೆದುಕೊಂಡೆವು. ಹೇಗೆ ಎಳೆದುಕೊಂಡೆವೆಂಬುದನ್ನು ಸ್ವಲ್ಪ ವಿಚಾರಿಸಬೇಕಾಗಿದೆ.

ಅಡಿಗೆಮನೆಯ ಹೋಲ್ಡರಿನಿಂದ ಜೋಡಿ ವೈರು ತೆಗೆದು, ಬಟ್ಟೆ ಒಣಹಾಕುವ ತಂತಿಗೆ ಸುತ್ತಿ, ನುಗ್ಗೆಯ ಕೊಂಬೆಗೊಂದು ಗಂಟು ಹಾಕಿ, ಕೊಟ್ಟಿಗೆಯ ತೊಲೆಗೆ ಬಲ್ಬನ್ನು ತೂಗಬಿಡುವುದು ವಾಡಿಕೆ. ಗಾಳಿಗೆ ಉಜ್ಜಿ ವೈರಿನ ಹೊದಿಕೆ ಸವೆದರೆ ಬಟ್ಟೆಯ ತಂತಿಗೇ ವಿದ್ಯುತ್ತು ಹರಿಯುತ್ತದೆ. ಒದ್ದೆ ಸೀರೆ ಹರವಲು ಹೋದ ಹೆಂಗಸರು ಸತ್ತ ಸುದ್ದಿಯನ್ನು ಮಳೆಗಾಲದಲ್ಲಿ ಪತ್ರಿಕೆಗಳಲ್ಲಿ ಓದುತ್ತೇವೆ.

ಕೊಟ್ಟಿಗೆಯ ನೆಲವಾದರೋ ಗಂಜಲದಿಂದ ಸದಾ ಒದ್ದೆ. ಗಂಜಲದಲ್ಲಿ ಲವಣಾಂಶವಿರುವುದರಿಂದ ಅದರಲ್ಲಿ ವಿದ್ಯುತ್ತು ಸರಾಗವಾಗಿ ಹರಿಯುತ್ತದೆ. ಹಸುವಿಗೆ ಚಪ್ಪಲಿಯಿಲ್ಲ, ಅದರ ಮುಂಗಾಲಿಗೂ ಹಿಂಗಾಲಿಗೂ ನಾಲ್ಕೈದು ಅಡಿ ಅಂತರ. ನೆಲಕ್ಕೆ ಸೋರಿದ ವಿದ್ಯುತ್ತು ಒಂದು ಕಾಲಿನಿಂದ ಹೊಕ್ಕು ಎದೆಯನ್ನು ಹಾದು ಇನ್ನೊಂದು ಕಾಲಿನಿಂದ ಇಳಿಯುತ್ತದೆ. ಆದುದರಿಂದಲೇ ಪಕ್ಕದಲ್ಲಿ ನಿಂತ ಮನುಷ್ಯನು ಪಾರಾದರೂ ಹಸು ಬಿದ್ದುಬಿಡುತ್ತದೆ. ಹಾಲು ಮಾರಿ ಮಗನನ್ನು ಓದಿಸುವ ಮನೆಯಲ್ಲಿ (ನಮ್ಮದೂ ಅಂಥದೇ) ಹಸು ಹೋದರೆ ಆ ವರ್ಷದ ಫೀಸೂ ಹೋಯಿತು.

"ಫ್ಯೂಸಿದೆಯಲ್ಲ, ಮತ್ತೇನು ಭಯ?" ಎಂದು ನಮ್ಮ ಹಿರಿಯರು ಕೇಳುತ್ತಾರೆ. ಫ್ಯೂಸು ಕಾಯುವುದು ವೈರನ್ನು, ಜೀವವನ್ನಲ್ಲ. 16 ಆಂಪಿಯರಿನ ಫ್ಯೂಸೆಂದರೆ 16,000 ಮಿಲಿಆಂಪಿಯರ್. ಮನುಷ್ಯನ ಎದೆಯ ಮೂಲಕ 50 ಮಿಲಿಆಂಪಿಯರ್ ಕೆಲವೇ ಸೆಕೆಂಡು ಹರಿದರೂ ಸಾವು ಸಂಭವಿಸಬಹುದು.

ಅರ್ಥಿಂಗ್ ಮಾಡಿಸಿದ್ದೇವೆಂದು ನೆಮ್ಮದಿಯಾಗಿರುವವರೂ ಉಂಟು. ಅದು ಬೇಕೇ ಬೇಕು. ಆದರೆ ಅಷ್ಟೇ ಸಾಲದು. ಮೇವು ಕತ್ತರಿಸುವ ಯಂತ್ರದ ಮೋಟಾರು ಕೆಟ್ಟು ಅದರ ಮೈಗೆ ವಿದ್ಯುತ್ತು ಬಂದಿತೆನ್ನಿ. ಬೇಸಿಗೆಯಲ್ಲಿ ಒಣಗಿದ ಅರ್ಥಿಂಗ್ ಗುಂಡಿಯ ತಡೆ 20 ಓಮ್ ಇದ್ದರೆ, 230 ವೋಲ್ಟಿಗೆ ಹರಿಯುವುದು ಹನ್ನೊಂದೂವರೆ ಆಂಪಿಯರ್. 16ರ ಫ್ಯೂಸು ಇದಕ್ಕೆ ಕರಗುವುದೇ ಇಲ್ಲ! ಯಂತ್ರವು ಮುಟ್ಟುವವರಿಗಾಗಿ ಕಾಯುತ್ತ ನಿಂತಿರುತ್ತದೆ. ಗುಂಡಿ ತೋಡುವ ಖರ್ಚು ಉಳಿಸಲು ಅರ್ಥಿನ ವೈರನ್ನು ನ್ಯೂಟ್ರಲಿಗೇ ಕಟ್ಟುವುದು ಇನ್ನೂ ಘೋರ. ನ್ಯೂಟ್ರಲ್ ಎಲ್ಲಿಯಾದರೂ ಕಡಿದರೆ ಕೆಡದ ಯಂತ್ರದ ಮೈಗೂ ವಿದ್ಯುತ್ತು ಬರುತ್ತದೆ.

ಇದಕ್ಕಿರುವ ಉಪಾಯ ಆರ್.ಸಿ.ಸಿ.ಬಿ. ಎಂಬ ಸಾಧನ. ಫೇಸಿನಲ್ಲಿ ಹೋದಷ್ಟೂ ನ್ಯೂಟ್ರಲಿನಲ್ಲಿ ಹಿಂದಿರುಗಿತೇ ಎಂದು ಅದು ಸದಾ ತೂಗಿ ನೋಡುತ್ತದೆ. 30 ಮಿಲಿಆಂಪಿಯರಿನಷ್ಟು ಸೋರಿದರೆ ಸಾಕು, ಕಣ್ಣು ಮಿಟುಕಿಸುವಷ್ಟರಲ್ಲಿ ಎರಡೂ ವೈರುಗಳನ್ನು ಕಡಿದುಹಾಕುತ್ತದೆ. ಆದರೆ ಫೇಸು ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಹಿಡಿದವನನ್ನು ಅದೂ ಗುರುತಿಸಲಾರದು. ವೈರು ಸುಡದಂತೆ ಕಾಯಲು ಎಂ.ಸಿ.ಬಿ. ಬೇರೆಯೇ ಬೇಕು. ಆರ್.ಸಿ.ಸಿ.ಬಿ.ಯ ಮೇಲಿರುವ ಪರೀಕ್ಷೆಯ ಗುಂಡಿಯನ್ನು ಆಗಾಗ ಒತ್ತಿ ನೋಡಬೇಕು.

ಕೊಟ್ಟಿಗೆಯ ಲೈನು ಮೇನ್ ಬೋರ್ಡಿನಿಂದಲೇ ಪ್ರತ್ಯೇಕವಾಗಿ, ಹಸಿರು ಅರ್ಥಿನ ವೈರೂ ಸೇರಿದಂತೆ ಹೊರಡಲಿ. 30 ಮೀಟರ್ ದೂರದ ಒಂದು ಅಶ್ವಶಕ್ತಿಯ ಮೋಟಾರಿಗೆ 2.5 ಚದರ ಮಿಲಿಮೀಟರ್ ತಾಮ್ರದ ವೈರು ಸಾಕು. ನೆಲದಲ್ಲಿ ಒಯ್ಯುವುದಾದರೆ ಉಕ್ಕಿನ ಕವಚದ ಕೇಬಲನ್ನು ಎರಡೂವರೆ ಅಡಿ ಆಳದಲ್ಲಿ ಮರಳಿನ ನಡುವೆ ಹೂತು ಮೇಲೆ ಇಟ್ಟಿಗೆ ಹಾಸಬೇಕು. ಗುದ್ದಲಿ ಮೊದಲು ಇಟ್ಟಿಗೆಗೆ ತಾಗುತ್ತದೆ. ಒಳಗೆ ಇಲಿ ಕಡಿಯದಂತೆ ಪೈಪು, ಕೊಂಬಿಗೂ ನಾಲಗೆಗೂ ಎಟುಕದ ಸ್ವಿಚ್ಚು, ಹುಲ್ಲಿನ ಮೆದೆಯಿಂದ ದೂರವಾಗಿ ಮುಚ್ಚಳವಿರುವ ದೀಪ. ಇದೆಲ್ಲವೂ ಲೈಸೆನ್ಸಿರುವ ವೈರ್‌ಮನ್ನನ ಕೆಲಸ, ನಮ್ಮಂಥ ಬಿ.ಎ. ವಿದ್ಯಾರ್ಥಿಗಳದ್ದಲ್ಲ.

ಮಳೆಯಲ್ಲಿ ಆರ್.ಸಿ.ಸಿ.ಬಿ. ಪದೇ ಪದೇ ಬೀಳುತ್ತದೆಂದು ಬೇಸತ್ತು, ಅದನ್ನು ತಪ್ಪಿಸಿ ನೇರವಾಗಿ ವೈರು ಕೊಡುವವರಿದ್ದಾರೆ. ಅದು ಬೀಳುತ್ತಿದ್ದರೆ ಎಲ್ಲಿಯೋ ಸೋರುತ್ತಿದೆಯೆಂದರ್ಥ. ವೈರ್‌ಮನ್ ಬಂದು ಅದನ್ನು ಹುಡುಕುವವರೆಗೆ ಕೈಬ್ಯಾಟರಿಯ ಬೆಳಕಿನಲ್ಲಿ ಹಾಲು ಕರೆದರಾಯಿತು.